ಬೇಸಗೆಯ ನೆಂಟರು: ಬಡಿಸುವವಳಿಗೂ ಇರಲಿ ರಜೆ

ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ರಾಮನಾಥಪುರದ ಕಡೆಯ ಮನೆಗಳಿಗೆ ಎರಡು ಸುದ್ದಿ ಒಟ್ಟೊಟ್ಟಿಗೇ ಬರುತ್ತವೆ. ಮಾವಿನಕಾಯಿ ಸಂತೆಗೆ ಬಂದಿದೆ ಎನ್ನುವುದು ಒಂದು. "ಮಕ್ಕಳ ಪರೀಕ್ಷೆ ಮುಗೀತು, ಶುಕ್ರವಾರ ಹೊರಡ್ತಾ ಇದ್ದೀವಿ" ಎನ್ನುವುದು ಇನ್ನೊಂದು. ಬೆಂಗಳೂರಿನಿಂದ ನಾದಿನಿ, ಮೈಸೂರಿನಿಂದ ಭಾವನವರ ಮಕ್ಕಳು, ಹಾಸನದಿಂದ ಚಿಕ್ಕಮ್ಮ ಎಂದು ಒಬ್ಬೊಬ್ಬರಾಗಿ ಸೇರಿ, ನಾಲ್ಕು ಜನರ ಮನೆ ನೋಡನೋಡುತ್ತಿದ್ದಂತೆ ಹನ್ನೆರಡು ಎಲೆಯ ಮನೆಯಾಗುತ್ತದೆ. ಮನೆ ತುಂಬಿದರೆ ಸಂತೋಷವೇ ಸರಿ. ಮಕ್ಕಳ ಗದ್ದಲವಿಲ್ಲದ ಬೇಸಗೆ ಬೇಸಗೆಯೇ ಅಲ್ಲ. ಆದರೆ ಆ ಸಂತೋಷವನ್ನೆಲ್ಲ ಒಬ್ಬಳೇ ಒಲೆಯ ಮುಂದೆ ನಿಂತು ಬೇಯಿಸಬೇಕಾಗಿ ಬಂದರೆ, ಹದಿನೈದು ದಿನ ಕಳೆಯುವಷ್ಟರಲ್ಲಿ ಗೃಹಿಣಿಯ ಮುಖ ಬಾಡಿಹೋಗಿರುತ್ತದೆ. "ಇವರೆಲ್ಲ ಯಾವಾಗ ಹೊರಡ್ತಾರೋ" ಎಂದು ಮನಸ್ಸಿನೊಳಗೇ ಲೆಕ್ಕ ಹಾಕುವಂತಾಗುತ್ತದೆ. ಅದು ಬಂದವರಿಗೂ ಗೊತ್ತಾಗುತ್ತದೆ, ಹೇಳುವುದಿಲ್ಲ ಅಷ್ಟೇ.

ಬೇಸಾಯದ ಮನೆಯಾದರಂತೂ ಕೇಳುವುದೇ ಬೇಡ. ನಮ್ಮ ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುವುದು, ಮುಂಗಾರಿಗೆ ಮುಂಚಿನ ಮಳೆ ಬೀಳುತ್ತಿದ್ದಂತೆ ಆಲೂಗೆಡ್ಡೆ ಬಿತ್ತನೆಗೆ ನೆಲ ಹದ ಮಾಡುವುದು, ಎಲ್ಲವೂ ಈ ಎರಡು ತಿಂಗಳಲ್ಲೇ. ಪಟ್ಟಣದವರಿಗೆ ರಜೆ, ನಮಗೆ ಕೆಲಸದ ಕಾಲ. ಹಾಗಾಗಿ ಬೇಸಗೆಯ ಅಡುಗೆಯನ್ನೂ ಉಪಚಾರವನ್ನೂ ಬುದ್ಧಿವಂತಿಕೆಯಿಂದ ಹೊಂದಿಸಿಕೊಳ್ಳದೆ ನಿರ್ವಾಹವಿಲ್ಲ. ಈ ವಿಚಾರವಾಗಿ ನಾಲ್ಕು ಮಾತು ನಿಮ್ಮೊಡನೆ ಹಂಚಿಕೊಳ್ಳೋಣವೆಂದು ಇದನ್ನು ಬರೆಯುತ್ತಿದ್ದೇನೆ.

ತವರಿಗೆ ಬಂದವಳು, ತವರಿಗೆ ಹೋಗದವಳು

ಮೊದಲು ಒಂದು ಸೂಕ್ಷ್ಮದ ಮಾತು. ಬೇಸಗೆಯಲ್ಲಿ ಮನೆಗೆ ಬರುವ ಹೆಣ್ಣುಮಗಳು ವರ್ಷವಿಡೀ ಅತ್ತೆಮನೆಯಲ್ಲಿ, ಕೆಲವರು ಆಫೀಸಿನಲ್ಲೂ ದುಡಿದು, ಎಂಟು ದಿನ ಅಮ್ಮನ ಕೈ ಅಡುಗೆ ಉಂಡು ಹಾಯಾಗಿರೋಣವೆಂದು ಬಂದಿರುತ್ತಾಳೆ. ಅದು ಅವಳ ಹಕ್ಕು. ಆದರೆ ಅಮ್ಮನಿಗೆ ಈಗ ಮಂಡಿನೋವು. ಅಡುಗೆ ಮಾಡುವ ಕೈ ಸೊಸೆಯದು. ಆ ಸೊಸೆಗೂ ಒಂದು ತವರಿದೆ, ಅವಳ ಮಕ್ಕಳಿಗೂ ಇದೇ ರಜೆ. ನಾದಿನಿ ಬರುವ ದಿನಗಳೂ ಸೊಸೆ ಹೋಗಬೇಕಾದ ದಿನಗಳೂ ಒಂದೇ ಆಗಿ, "ಅವರೆಲ್ಲ ಬಂದಿರುವಾಗ ನೀನು ಹೋದರೆ ಚೆನ್ನಾಗಿರುತ್ತದೆಯೇ?" ಎಂಬ ಒಂದು ಮಾತಿನಲ್ಲಿ ಅವಳ ರಜೆ ಮುಗಿದೇ ಹೋಗುತ್ತದೆ. ಎಷ್ಟು ಮನೆಗಳಲ್ಲಿ ಹೀಗಾಗುತ್ತಿಲ್ಲ, ನೀವೇ ಹೇಳಿ.

ಇದಕ್ಕೆ ಜಗಳ ಪರಿಹಾರವಲ್ಲ. ಮುಂಚಿತವಾಗಿ ಮಾತಾಡಿಕೊಳ್ಳುವುದೇ ಪರಿಹಾರ. ನಮ್ಮ ರಾಜ್ಯದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಅಂದರೆ ಆರು ವಾರಕ್ಕೆ ಮೋಸವಿಲ್ಲ. ಅದರಲ್ಲಿ ಎರಡು ವಾರ ಮನೆಮಗಳದು, ಎರಡು ವಾರ ಸೊಸೆಯದು ಎಂದು ಯುಗಾದಿಯ ಹೊತ್ತಿಗೇ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಬಿಡಿ. ಅತ್ತೆಯಾದವರು ಈ ಮಾತನ್ನು ತಾವಾಗಿ ಎತ್ತಿದರೆ ಅದರ ಬೆಲೆಯೇ ಬೇರೆ. ಸೊಸೆ ಬಾಯಿಬಿಟ್ಟು ಕೇಳುವಂತೆ ಮಾಡಬಾರದು. ಅವಳು ಇಲ್ಲದ ಎರಡು ವಾರ ಮನೆ ನಡೆಯುವುದು ಹೇಗೆ ಎನ್ನುವಿರಾ? ಅದಕ್ಕೇ ಈ ಕೆಳಗಿನ ಸುಲಭದ ಅಡುಗೆಗಳು.

ಹತ್ತು ಗಂಟೆಗೆ ಒಲೆ ಆರಲಿ

ಬೇಸಗೆಯ ಅಡುಗೆಮನೆಗೆ ಒಂದೇ ಸೂತ್ರ: ಬಿಸಿಲೇರುವ ಮುಂಚೆ ಒಲೆಯ ಕೆಲಸ ಮುಗಿಯಬೇಕು. ಬೆಳಿಗ್ಗೆ ಆರರಿಂದ ಹತ್ತರೊಳಗೆ ತಿಂಡಿ, ಹುಳಿ ಅಥವಾ ಸಾರು, ಪಲ್ಯ ಎಲ್ಲ ಆಗಿಬಿಡಲಿ. ಮಧ್ಯಾಹ್ನ ಅನ್ನದ ಕುಕ್ಕರ್ ಇಡುವುದು, ಹುಳಿಯನ್ನು ಇನ್ನೊಮ್ಮೆ ಚೆನ್ನಾಗಿ ಕುದಿಸುವುದು, ಇಷ್ಟೇ ಕೆಲಸ. ಜೊತೆಗೆ ಒಲೆಯನ್ನೇ ಮುಟ್ಟದ, ಅಥವಾ ಒಗ್ಗರಣೆಗೆ ಮಾತ್ರ ಮುಟ್ಟುವ ಪದಾರ್ಥಗಳಿರಲಿ. ಕೋಸಂಬರಿ, ತಂಬುಳಿ, ಸೌತೆಕಾಯಿ ಹಸಿ ಗೊಜ್ಜು, ಮೊಸರು ಬಜ್ಜಿ, ಹಣ್ಣಿನ ರಸಾಯನ. ನಮ್ಮ ಹಿರಿಯರು ಶ್ರೀರಾಮನವಮಿಗೆ ಪಾನಕ, ಕೋಸಂಬರಿ, ನೀರುಮಜ್ಜಿಗೆಗಳನ್ನು ಇಟ್ಟದ್ದು ಸುಮ್ಮನೆಯೇ? ಆ ದಿನದ ನೈವೇದ್ಯದಲ್ಲಿ ಒಲೆಗೆ ಕೆಲಸವೇ ಇಲ್ಲ! ಹದಿನಾರನೆಯ ಶತಮಾನದ ಮೂರನೆಯ ಮಂಗರಸನು ಅಡುಗೆಯ ಮೇಲೆ ಬರೆದ 'ಸೂಪಶಾಸ್ತ್ರ'ದಲ್ಲೂ ಪಾನಕಗಳಿಗೆ ಪ್ರತ್ಯೇಕ ಸ್ಥಾನವಿದೆ. ಬಿಸಿಲಿಗೆ ತಂಪು ಮಾಡಿಕೊಡುವುದು ನಮಗೆ ಇಂದು ನಿನ್ನೆಯ ವಿದ್ಯೆಯಲ್ಲ.

ಇನ್ನು ಸಾಯಂಕಾಲದ ಕರಿದ ತಿಂಡಿ. ಬೋಂಡಾ, ಬಜ್ಜಿ, ಕೋಡುಬಳೆ ಮಾಡಿ ಹಾಕದಿದ್ದರೆ ಉಪಚಾರ ಕಡಿಮೆಯಾಯಿತೆಂದು ಅನೇಕರು ಭಾವಿಸುತ್ತಾರೆ. ಬಿಸಿಲಿನ ದಿನ ಕರಿದದ್ದು ತಿಂದವರಿಗೂ ಬಾಯಾರಿಕೆ, ಕರಿದವಳಿಗೂ ಬಾಯಾರಿಕೆ. ಅದರ ಬದಲು ಒಂದು ಬೋಗುಣಿ ಮೊಸರವಲಕ್ಕಿ ಅಥವಾ ಕಾಯಿ, ಹಸಿ ಈರುಳ್ಳಿ, ತುರಿದ ಮಾವಿನಕಾಯಿ ಕಲಸಿದ ಚುರುಮುರಿ ಕೊಟ್ಟು ನೋಡಿ. ಬೋಗುಣಿ ಖಾಲಿಯಾಗದಿದ್ದರೆ ಕೇಳಿ.

ಬೆಳಗಿನ ತಂಪಿಗೆ: ರಾಗಿ ಅಂಬಲಿ

ಬೇಕಾಗುವ ಸಾಮಾನು: ರಾಗಿ ಹಿಟ್ಟು 4 ದೊಡ್ಡ ಚಮಚ, ನೀರು 4 ಲೋಟ, ಕಡೆದ ಮಜ್ಜಿಗೆ 2 ಲೋಟ, ಸಣ್ಣಗೆ ಹೆಚ್ಚಿದ ಈರುಳ್ಳಿ 1, ಕರಿಬೇವು, ಕೊತ್ತಂಬರಿ ಸೊಪ್ಪು, ರುಚಿಗೆ ಉಪ್ಪು.

ಮಾಡುವ ವಿಧಾನ: ರಾಗಿ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿಕೊಳ್ಳಿ. ಉಳಿದ ಮೂರು ಲೋಟ ನೀರು ಕುದಿಯುತ್ತಿರುವಾಗ ಅದಕ್ಕೆ ಸುರಿದು, ಕೈಬಿಡದೆ ತಿರುವುತ್ತ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ. ಇದನ್ನು ರಾತ್ರಿಯೇ ಮಾಡಿ ಮಣ್ಣಿನ ಪಾತ್ರೆಯಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆಗೆ ಸ್ವಲ್ಪ ಹುಳಿ ಬಂದಿರುತ್ತದೆ. ಮಜ್ಜಿಗೆ, ಉಪ್ಪು, ಈರುಳ್ಳಿ, ಸೊಪ್ಪು ಸೇರಿಸಿ ಕೊಡಿ. ಆರು ಜನಕ್ಕೆ ಸಾಕು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುತ್ತದೆ. ಅಕ್ಕಿ, ಗೋಧಿಗಳಲ್ಲಿ ಇದರ ಹತ್ತಿರಕ್ಕೂ ಬರುವಷ್ಟಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣದ ಹೋಟೆಲುಗಳಲ್ಲೂ ಅಂಬಲಿಗೆ ಮರ್ಯಾದೆ ಬಂದಿದೆ. ನಮ್ಮ ಮನೆಗಳಲ್ಲಿ ಅದು ಎಂದೂ ಹೋಗಿರಲಿಲ್ಲ, ಬಿಡಿ. ಪಟ್ಟಣದ ಮಕ್ಕಳು ಮೊದಲ ದಿನ ಮೂಗು ಮುರಿದರೆ ಒತ್ತಾಯ ಬೇಡ. ಹುರಿದ ರಾಗಿ ಹಿಟ್ಟಿಗೆ ಬೆಲ್ಲ, ಹಾಲು, ಏಲಕ್ಕಿ ಕಲಸಿ ಹುರಿಹಿಟ್ಟಿನ ಉಂಡೆ ಕಟ್ಟಿಕೊಡಿ. ಮೂರನೆಯ ದಿನ ತಾವಾಗಿಯೇ ಅಂಬಲಿಯ ಲೋಟ ಹಿಡಿಯುತ್ತಾರೆ.

ಮಾವಿನಕಾಯಿ ಪಾನಕ

ಬೇಸಗೆಯಲ್ಲಿ ನಿಂಬೆಹಣ್ಣಿನ ಬೆಲೆ ಕೇಳಿದರೆ ಪಾನಕವೇ ಬೇಡವೆನಿಸುತ್ತದೆ. ಆಗ ಮಾವಿನಕಾಯಿ ನೆರವಿಗೆ ಬರುತ್ತದೆ.

ಬೇಕಾಗುವ ಸಾಮಾನು: ಹುಳಿ ಇರುವ ಮಾವಿನಕಾಯಿ 2, ಪುಡಿ ಮಾಡಿದ ಬೆಲ್ಲ ಒಂದೂವರೆ ಬಟ್ಟಲು, ನೀರು 8 ಲೋಟ, ಏಲಕ್ಕಿ 4, ಹುರಿದು ಪುಡಿ ಮಾಡಿದ ಜೀರಿಗೆ ಅರ್ಧ ಟೀ ಚಮಚ, ಕಾಳುಮೆಣಸಿನ ಪುಡಿ ಚಿಟಿಕೆ, ಉಪ್ಪು ಚಿಟಿಕೆ.

ಮಾಡುವ ವಿಧಾನ: ಬೆಳಗಿನ ಕುಕ್ಕರಿನಲ್ಲೇ, ಬೇಳೆಯ ಮೇಲಿನ ತಟ್ಟೆಯಲ್ಲಿ ಮಾವಿನಕಾಯಿಯನ್ನೂ ಇಟ್ಟುಬಿಟ್ಟರೆ ಬೇರೆ ಗ್ಯಾಸು ಬೇಕಿಲ್ಲ. ಆರಿದ ಮೇಲೆ ಸಿಪ್ಪೆ ತೆಗೆದು ತಿರುಳನ್ನು ಹಿಸುಕಿ. ಬೆಲ್ಲ ಕರಗಿಸಿ ಶೋಧಿಸಿದ ನೀರಿಗೆ ಅದನ್ನು ಬೆರೆಸಿ, ಪುಡಿಗಳನ್ನು ಹಾಕಿ. ಮಣ್ಣಿನ ಮಡಕೆಯಲ್ಲಿಟ್ಟರೆ ತಂಪು ಹದವಾಗಿರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬೇಡ. ಬೆಲ್ಲವಾದರೇನು, ಅದೂ ಸಕ್ಕರೆಯೇ. ಅವರಿಗೆ ಇಂಗು, ಶುಂಠಿ, ಕರಿಬೇವು ಜಜ್ಜಿ ಹಾಕಿದ ನೀರುಮಜ್ಜಿಗೆಯನ್ನು ಪ್ರತ್ಯೇಕವಾಗಿ ತೆಗೆದಿಡಿ. "ನಿಮಗೆ ಅಂತಲೇ ಇಟ್ಟಿದ್ದೀನಿ" ಎಂದರೆ ಅವರಿಗೆ ಪಾನಕಕ್ಕಿಂತ ಸಿಹಿ.

ದೊಡ್ಡಪತ್ರೆ ತಂಬುಳಿ

ಬೇಕಾಗುವ ಸಾಮಾನು: ದೊಡ್ಡಪತ್ರೆ ಎಲೆ 15, ಜೀರಿಗೆ 1 ಟೀ ಚಮಚ, ಕಾಳುಮೆಣಸು 6, ಕಾಯಿತುರಿ ಅರ್ಧ ಬಟ್ಟಲು, ಹುಳಿಯಿಲ್ಲದ ಮಜ್ಜಿಗೆ 3 ಲೋಟ, ತುಪ್ಪ 1 ಟೀ ಚಮಚ, ಉಪ್ಪು.

ಮಾಡುವ ವಿಧಾನ: ತುಪ್ಪದಲ್ಲಿ ಜೀರಿಗೆ, ಮೆಣಸು, ಎಲೆಗಳನ್ನು ಬಾಡುವವರೆಗೆ ಹುರಿಯಿರಿ. ಆರಿದ ಮೇಲೆ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿ, ಸಾಸಿವೆ ಒಗ್ಗರಣೆ ಕೊಡಿ. ಐದು ನಿಮಿಷದ ಕೆಲಸ. ಆದರೆ ಕಾಯಿ ಹಾಕಿದ್ದು ಬೇಸಗೆಯಲ್ಲಿ ಬೇಗ ಹಳಸುತ್ತದೆ. ಊಟಕ್ಕೆ ಕೂರುವ ಮುಂಚೆ ಮಾಡಿ, ಒಂದು ಹೊತ್ತಿಗೆ ಆಗುವಷ್ಟೇ ಮಾಡಿ.

ಹತ್ತು ಕೈ ಸೇರುವ ಒತ್ತುಶಾವಿಗೆ

ಹಾಸನ ಜಿಲ್ಲೆಯ ನೆಂಟರೂಟವೆಂದರೆ ಒತ್ತುಶಾವಿಗೆ, ಕಾಯಿಹಾಲು. ಒಬ್ಬಳೇ ಮಾಡಹೊರಟರೆ ತೋಳು ಬಿದ್ದುಹೋಗುತ್ತದೆ. ಆದರೆ ಮನೆ ತುಂಬ ಜನರಿರುವಾಗ ಇದಕ್ಕಿಂತ ಒಳ್ಳೆಯ ತಿಂಡಿ ಇನ್ನೊಂದಿಲ್ಲ. ಉಂಡೆ ಕಟ್ಟುವುದು ಒಬ್ಬರು, ಒರಳು ಒತ್ತುವುದು ಭಾವ, ಬಾವಮೈದುನರು, ಕಾಯಿ ತುರಿಯುವುದು ಇನ್ನೊಬ್ಬರು, ಎಲೆಗೆ ಹಾಕುವುದು ಮಕ್ಕಳು. ಗಂಡಸರನ್ನು ಅಡುಗೆಮನೆಗೆ ಕರೆಯಲು ಸಂಕೋಚವೇ? ಒರಳನ್ನೇ ಹಜಾರಕ್ಕೆ ತಂದಿಡಿ. ಯಾರು ಜೋರಾಗಿ ಒತ್ತುತ್ತಾರೆಂದು ಪಂದ್ಯ ಕಟ್ಟಿ ಬರುತ್ತಾರೆ.

ಬೇಕಾಗುವ ಸಾಮಾನು: ಅಕ್ಕಿ ಹಿಟ್ಟು 4 ಲೋಟ, ನೀರು ಸುಮಾರು 5 ಲೋಟ, ಎಣ್ಣೆ 2 ಟೀ ಚಮಚ, ಉಪ್ಪು. ಕಾಯಿಹಾಲಿಗೆ: ತೆಂಗಿನಕಾಯಿ 2, ಬೆಲ್ಲ ಎರಡು ಬಟ್ಟಲು, ಗಸಗಸೆ 2 ಟೀ ಚಮಚ, ನೆನೆಸಿದ ಅಕ್ಕಿ 1 ದೊಡ್ಡ ಚಮಚ, ಏಲಕ್ಕಿ 6.

ಮಾಡುವ ವಿಧಾನ: ನೀರಿಗೆ ಉಪ್ಪು, ಎಣ್ಣೆ ಹಾಕಿ ಕುದಿಸಿ, ಹಿಟ್ಟು ಸುರಿದು ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಕೋಲಿನಿಂದ ಚೆನ್ನಾಗಿ ತೊಳಸಿ ಮುದ್ದೆ ಮಾಡಿ. ಕೈ ಒದ್ದೆ ಮಾಡಿಕೊಂಡು ಒರಳಿಗೆ ಹಿಡಿಯುವಷ್ಟು ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ ಬೇಯಿಸಿ. ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಒರಳು ಇಳಿಯುವುದಿಲ್ಲ. ಕಾಯಿಹಾಲಿಗೆ ಅಕ್ಕಿ, ಹುರಿದ ಗಸಗಸೆ, ಕಾಯಿತುರಿಗಳನ್ನು ನುಣ್ಣಗೆ ರುಬ್ಬಿ ಹಿಂಡಿ, ಬೆಲ್ಲ, ಏಲಕ್ಕಿ ಬೆರೆಸಿ. ಒಲೆಯ ಮೇಲಿಟ್ಟರೂ ಉಕ್ಕಿ ಕುದಿಯಲು ಬಿಡಬೇಡಿ, ಒಡೆಯುತ್ತದೆ.

ಉಳಿದ ಶಾವಿಗೆಗೆ ಸಂಜೆ ನಿಂಬೆ ರಸ ಅಥವಾ ಮಾವಿನಕಾಯಿ ತುರಿ ಹಾಕಿ ಒಗ್ಗರಣೆ ಕೊಟ್ಟರೆ ಅದೇ ರಾತ್ರಿಯ ಫಲಾಹಾರ. ಒಂದು ಕೆಲಸಕ್ಕೆ ಎರಡು ಊಟ.

ಸಂಡಿಗೆ ಇಡುವ ದಿನ

ವರ್ಷಕ್ಕಾಗುವಷ್ಟು ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಮಾಡಿಕೊಳ್ಳುವುದೂ ಈ ಬಿಸಿಲಿನಲ್ಲೇ. ನೆಂಟರು ಹೋದಮೇಲೆ ಮಾಡಿಕೊಳ್ಳೋಣವೆಂದು ಕಾಯಬೇಡಿ. ಅವರಿರುವಾಗಲೇ ಮಾಡಿ. ಕೆಲಸವೂ ಹಗುರ, ಹೋಗುವಾಗ ಅವರ ಡಬ್ಬಿಗೂ ಒಂದಷ್ಟು ತುಂಬಿ ಕಳಿಸಬಹುದು. ಅಂಗಡಿಯ ಉಡುಗೊರೆಗಿಂತ ಅದೇ ಮೇಲು. ಬಂದವರಿಗೂ "ಸುಮ್ಮನೆ ಕೂತು ಉಂಡೆವು" ಎಂಬ ಸಂಕೋಚವಿರುವುದಿಲ್ಲ. ನೀವು ಗಮನಿಸಿರಬಹುದು, ಎದುರುಬದುರು ಕೂತು ಮಾತಾಡದ ಅತ್ತಿಗೆ ನಾದಿನಿಯರು ಸಂಡಿಗೆಯ ಚಾಪೆಯ ಎರಡು ತುದಿಯಲ್ಲಿ ಕೂತಾಗ ಎಷ್ಟೆಲ್ಲ ಮಾತಾಡುತ್ತಾರೆ!

ಸುಲಭದ್ದೆಂದರೆ ಸಬ್ಬಕ್ಕಿ ಸಂಡಿಗೆ. ಒಂದು ಲೋಟ ಸಬ್ಬಕ್ಕಿಯನ್ನು ರಾತ್ರಿ ನೆನೆಸಿ. ಬೆಳಿಗ್ಗೆ ಐದು ಲೋಟ ನೀರು ಕುದಿಸಿ ಅದಕ್ಕೆ ಹಾಕಿ, ಕಾಳು ಗಾಜಿನಂತೆ ಆಗುವವರೆಗೆ ಬೇಯಿಸಿ. ಅರೆದ ಹಸಿಮೆಣಸಿನಕಾಯಿ, ಜೀರಿಗೆ, ಇಂಗು, ಉಪ್ಪು ಸೇರಿಸಿ. ಕೆಳಗಿಳಿಸಿದ ಮೇಲೆ ನಿಂಬೆ ರಸ ಹಿಂಡಿ. ಉಪ್ಪನ್ನು ಬಾಯಿಗೆ ಸ್ವಲ್ಪ ಕಡಿಮೆ ಎನಿಸುವಂತೆಯೇ ಹಾಕಬೇಕು, ಒಣಗಿದಾಗ ಅದು ಎದ್ದು ಕಾಣುತ್ತದೆ. ಒದ್ದೆ ಪಂಚೆಯ ಮೇಲೆ ಚಮಚದಿಂದ ಇಟ್ಟು ಎರಡು ಮೂರು ದಿನ ಒಣಗಿಸಿ. ಪಂಚೆಯಿಂದ ಬಿಡಿಸುವಾಗ ಹಿಂಬದಿಗೆ ನೀರು ಚಿಮುಕಿಸಿದರೆ ಸುಲಭವಾಗಿ ಬರುತ್ತದೆ.

ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ ಶುರು. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂದು ಗಾದೆಯೇ ಇದೆ. ಬೇಸಾಯಕ್ಕೆ ಅದು ವರ, ಸಂಡಿಗೆಗೆ ಶಾಪ. ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಆದ್ದರಿಂದ ಯುಗಾದಿಯ ಹಿಂದುಮುಂದಿನ ಗಟ್ಟಿ ಬಿಸಿಲಿಗೇ ಹೆಚ್ಚಿನದನ್ನು ಮುಗಿಸಿಕೊಳ್ಳಿ. ಆಮೇಲಿನದ್ದನ್ನು ಬೆಳಿಗ್ಗೆ ಏಳಕ್ಕೇ ಇಟ್ಟು ಎರಡು ಗಂಟೆಗೆ ಒಳಗೆ ತನ್ನಿ. ಕಾಗೆ, ಮೋಡ ಎರಡನ್ನೂ ಕಾಯಲು ಮಕ್ಕಳಿಗೆ ಸರದಿ ಹಾಕಿ. ಕೂಲಿ ಏನೆಂದರೆ ಅರ್ಧ ಒಣಗಿದ ಸಂಡಿಗೆ!

ಹೊಳೆಯ ದಂಡೆಯ ಬುತ್ತಿ

ನಮ್ಮೂರಿಗೆ ಬಂದವರು ಹೊಳೆ ನೋಡದೆ ಹೋಗುವುದುಂಟೇ? ಕೊಡಗಿನಲ್ಲಿ ಹುಟ್ಟಿದ ಕಾವೇರಮ್ಮ ಹಾಸನ ಜಿಲ್ಲೆಯನ್ನು ಕಾಣುವುದು ನಮ್ಮ ಅರಕಲಗೂಡು ತಾಲ್ಲೂಕಿನಲ್ಲೇ. ದಂಡೆಯ ಮೇಲೆ ರಾಮೇಶ್ವರ, ಹತ್ತಿರದಲ್ಲೇ ಪ್ರಸನ್ನ ಸುಬ್ರಹ್ಮಣ್ಯ. ಮಾರ್ಗಶಿರದ ಷಷ್ಠಿಯ ತೇರಿಗೆ ಕಾಲಿಡಲು ಜಾಗವಿಲ್ಲದ ಊರು ಬೇಸಗೆಯಲ್ಲಿ ಶಾಂತವಾಗಿರುತ್ತದೆ. ವಹ್ನಿ ಪುಷ್ಕರಿಣಿಯ ಹತ್ತಿರ ದೇವರ ಮೀನುಗಳಿವೆ. ಮಹಶೀರ್ ಜಾತಿಯವು. ಇಲ್ಲಿ ಯಾರೂ ಹಿಡಿಯುವಂತಿಲ್ಲವಾದ್ದರಿಂದ ಮೊಳದುದ್ದ ಬೆಳೆದು, ಪುರಿ ಹಾಕಿದರೆ ಮೆಟ್ಟಿಲ ತನಕ ಬರುತ್ತವೆ. ಪಟ್ಟಣದ ಮಗು ಅದನ್ನು ನೋಡಿ ಬಿಡುವ ಕಣ್ಣು ನೋಡಬೇಕು ನೀವು. ಸಂಗೀತದಲ್ಲಿ ಆಸಕ್ತಿಯಿದ್ದವರನ್ನು ಪಕ್ಕದ ರುದ್ರಪಟ್ಟಣಕ್ಕೂ ಕರೆದೊಯ್ಯಬಹುದು. ಎಷ್ಟೋ ವಿದ್ವಾಂಸರನ್ನು ಕೊಟ್ಟ ಆ ಊರಿನಲ್ಲಿ ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ದೇವತಾ ಧ್ಯಾನ ಮಂದಿರವಿದೆ.

ವಾರದಲ್ಲಿ ಒಂದು ದಿನ ಹೀಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಮನೆಯಲ್ಲಿ ಮಧ್ಯಾಹ್ನದ ಅಡುಗೆ ತಪ್ಪುತ್ತದೆ, ಪಾತ್ರೆಯೂ ಕಡಿಮೆ. ಬುತ್ತಿಗೆ ಎರಡೇ ಅನ್ನ ಸಾಕು: ಹುಳಿಯನ್ನ, ಮೊಸರನ್ನ.

ಹುಳಿಯನ್ನಕ್ಕೆ ಗೊಜ್ಜನ್ನು ಮುಂಚೆಯೇ ಮಾಡಿಟ್ಟುಕೊಂಡಿದ್ದರೆ ಅನ್ನ ಆರಿಸಿ ಕಲಸುವುದಷ್ಟೇ ಕೆಲಸ. ಹಸಿ ಕಾಯಿತುರಿ ಮಾತ್ರ ಬೇಡ. ಕೊಬ್ಬರಿ, ಹುರಿದ ಎಳ್ಳಿನ ಪುಡಿ ಹಾಕಿ. ಹುಣಸೆ ಮತ್ತು ಎಣ್ಣೆ ಅನ್ನವನ್ನು ಕಾಪಾಡುತ್ತವೆ. ಮಾವಿನಕಾಯಿ ಚಿತ್ರಾನ್ನ ಒಯ್ಯುವುದಿದ್ದರೂ ಅಷ್ಟೇ, ಕಾಯಿ ಬಿಟ್ಟು ಸಾಸಿವೆ, ಒಣಮೆಣಸಿನಕಾಯಿ, ಮಾವಿನಕಾಯಿ ಮಾತ್ರ ರುಬ್ಬಿ.

ಮೊಸರನ್ನ ಹುಳಿಯಾಗದಿರಲು ಒಂದು ಉಪಾಯ: ಎರಡು ಲೋಟ ಅಕ್ಕಿಯ ಅನ್ನವನ್ನು ಮೆತ್ತಗೆ ಮಾಡಿ, ಉಗುರುಬೆಚ್ಚಗಿರುವಾಗ ಕಾಯಿಸಿ ಆರಿಸಿದ ಹಾಲು ಎರಡೂವರೆ ಲೋಟ, ಮೊಸರು ಮೂರು ಚಮಚ ಹಾಕಿ ಕಲಸಿ. ತಿನ್ನುವ ಹೊತ್ತಿಗೆ ಹಾಲು ತಾನೇ ಹೆಪ್ಪಾಗಿರುತ್ತದೆ. ಉಪ್ಪು, ಶುಂಠಿ, ಒಗ್ಗರಣೆ ಎಂದಿನಂತೆ. ದಾಳಿಂಬೆ ಕಾಳು, ಸೌತೆಕಾಯಿಗಳನ್ನು ಬಡಿಸುವಾಗ ಬೆರೆಸಿ. ಹತ್ತು ಗಂಟೆಗೆ ಕಟ್ಟಿದ ಬುತ್ತಿ ಒಂದು ಗಂಟೆಯೊಳಗೆ ಉಂಡು ಮುಗಿಯಬೇಕು. ಉಳಿದದ್ದನ್ನು ರಾತ್ರಿಗೆಂದು ಇಟ್ಟುಕೊಳ್ಳಬೇಡಿ.

ಊಟಕ್ಕೆ ಬಾಳೆಎಲೆಯೋ ಮುತ್ತುಗದ ಎಲೆಯೋ ಇರಲಿ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಿದೆ. ಕಾನೂನಿನ ಮಾತು ಹಾಗಿರಲಿ, ನಾವು ಪೂಜೆ ಮಾಡುವ ನೀರಿಗೆ ನಾವೇ ಕಸ ಹಾಕುವುದು ಎಂಥ ಭಕ್ತಿ? ಮೀನಿಗೆ ಪುರಿ ಬಿಟ್ಟು ಚಿತ್ರಾನ್ನ, ಬಿಸ್ಕತ್ತು, ಚಿಪ್ಸು ಹಾಕಬೇಡಿ. ಸೋಪು ಹಚ್ಚಿ ಪಾತ್ರೆ ತೊಳೆಯಬೇಡಿ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ನೀರಿನದು. ಬೇಸಗೆಯ ಹೊಳೆ ಮೊಣಕಾಲುದ್ದ ಕಂಡರೂ ಬಂಡೆಗಳ ನಡುವೆ ಮಡುಗಳಿರುತ್ತವೆ, ಪಾಚಿ ಕಟ್ಟಿದ ಕಲ್ಲು ಜಾರುತ್ತದೆ. ಮೇಲೆ ಕೊಡಗಿನಲ್ಲಿ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ನೀರು ಏರಬಹುದು. ಪಟ್ಟಣದ ಮಕ್ಕಳಿಗೆ ಈಜುಕೊಳದ ನೀರು ಗೊತ್ತು, ಹೊಳೆಯ ನೀರು ಗೊತ್ತಿಲ್ಲ. ದೊಡ್ಡವರಲ್ಲಿ ಒಬ್ಬರು, ಈಜು ಬಲ್ಲವರು, ಊಟ ಹರಟೆ ಬಿಟ್ಟು ಮಕ್ಕಳ ಮೇಲೆ ಕಣ್ಣಿಟ್ಟಿರಬೇಕು. "ಯಾರೋ ನೋಡ್ಕೋತಾರೆ" ಅಂದುಕೊಂಡ ಕಡೆ ಯಾರೂ ನೋಡಿರುವುದಿಲ್ಲ. ಯಾರು ನೋಡಬೇಕೆಂದು ಹೆಸರು ಹಿಡಿದು ಹೇಳಿ, ಗಂಟೆಗೊಬ್ಬರಂತೆ ಸರದಿ ಮಾಡಿ.

ಹೇಳದೆ ಬಂದವರಿಗೆ

ಮಧ್ಯಾಹ್ನ ಒಂದು ಗಂಟೆಗೆ, ಪಾತ್ರೆ ತೊಳೆದಿಟ್ಟ ಮೇಲೆ, ಸುಬ್ರಹ್ಮಣ್ಯನ ದರ್ಶನಕ್ಕೆಂದು ಬಂದ ದೂರದ ನೆಂಟರು ಬಾಗಿಲಲ್ಲಿ ನಿಂತರೆ? ಗಾಬರಿ ಬೇಡ. ಮೊದಲು ಕೈಕಾಲಿಗೆ ನೀರು, ಕುಡಿಯಲು ಬೆಲ್ಲ ನೀರು. ಅಷ್ಟರಲ್ಲಿ ಹತ್ತು ನಿಮಿಷ ಸಿಗುತ್ತದೆ. ತೆಳು ಅವಲಕ್ಕಿಗೆ ಹುಳಿಯನ್ನದ ಗೊಜ್ಜು ಕಲಸಿದರೆ ಗೊಜ್ಜವಲಕ್ಕಿ. ಇನ್ನೊಂದಿಷ್ಟು ಅವಲಕ್ಕಿಗೆ ಮೊಸರು. ಡಬ್ಬಿಯಲ್ಲಿನ ಸಂಡಿಗೆ ನಾಲ್ಕು ಕರಿಯಿರಿ. ಕರಬೂಜದ ಹಣ್ಣಿದ್ದರೆ ಹೆಚ್ಚಿ, ಬೆಲ್ಲದ ಪುಡಿ, ಕಾಯಿತುರಿ, ಏಲಕ್ಕಿ ಬೆರೆಸಿ ರಸಾಯನ. ಯಾರು ಹೇಳುತ್ತಾರೆ ಇದು ಊಟವಲ್ಲವೆಂದು? ಬಿಸಿಲಲ್ಲಿ ಬಂದವರಿಗೆ ಬೇಕಿರುವುದು ತಂಪು ಮತ್ತು ನಗುಮುಖ. ಹದಿನಾರು ಬಗೆ ಮಾಡಿ ಬೆವರು ಒರೆಸಿಕೊಳ್ಳುತ್ತ ಸಿಡುಕುತ್ತ ಬಡಿಸಿದರೆ ಆ ಅನ್ನ ಯಾರಿಗೂ ಇಳಿಯುವುದಿಲ್ಲ.

ಇದಕ್ಕಾಗಿ ಬೇಸಗೆಯಿಡೀ ಮನೆಯಲ್ಲಿರಬೇಕಾದ್ದು ಐದು: ಗೊಜ್ಜು ಒಂದು ಭರಣಿ, ಅವಲಕ್ಕಿ ಎರಡು ಸೇರು, ಹುರಿಹಿಟ್ಟು, ಬೆಲ್ಲ, ಹೆಪ್ಪಿಟ್ಟ ಮೊಸರು. ಸೆಖೆಗೆ ಮೊಸರು ಬೇಗ ಹುಳಿಯುವುದರಿಂದ ಹೆಪ್ಪನ್ನು ಅರ್ಧಕ್ಕಿಳಿಸಿ, ಮಲಗುವ ಮುಂಚೆ ಹಾಕಿ, ಬೆಳಿಗ್ಗೆ ಎದ್ದ ಕೂಡಲೇ ಫ್ರಿಜ್ಜಿಗೋ ನೀರಿನ ತಟ್ಟೆಗೋ ಇಡಿ.

ಆರೋಗ್ಯದ ಕಡೆ ಗಮನ

ಮನೆ ತುಂಬ ಮಕ್ಕಳಿರುವಾಗ ಒಬ್ಬರ ಹೊಟ್ಟೆ ಕೆಟ್ಟರೆ ಸಾಕು, ರಜೆಯ ಸಂತೋಷವೆಲ್ಲ ಹೋಯಿತು. ಈ ನಾಲ್ಕು ಮಾತು ನೆನಪಿರಲಿ.

ಒಂದು, ಕುಡಿಯುವ ನೀರನ್ನು ಕುದಿಸಿ ಆರಿಸಿಯೇ ಕೊಡಿ. ಪಾನಕಕ್ಕೂ ಅದೇ ನೀರು. ಹೊರಗಿನಿಂದ ತಂದ ಐಸು ಬೇಡ.

ಎರಡು, ಬೇಯಿಸಿದ ಪಲ್ಯ, ಹುಳಿ, ಪಾಯಸಗಳನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಕಡು ಬೇಸಗೆಯಲ್ಲಿ ಒಂದೇ ಗಂಟೆ ಎಂದು ಲೆಕ್ಕ. ಬೆಳಿಗ್ಗೆ ಮಾಡಿದ್ದನ್ನು ಆರಿಸಿ ಫ್ರಿಜ್ಜಿನಲ್ಲಿಟ್ಟು, ಊಟದ ಹೊತ್ತಿಗೆ ಮರಳುವಂತೆ ಕುದಿಸಿ ಬಡಿಸಿ. ಫ್ರಿಜ್ಜಿಲ್ಲದಿದ್ದರೆ ಬೇಳೆ, ತರಕಾರಿ ಬೇಯಿಸಿಟ್ಟುಕೊಳ್ಳದೆ ಹೆಚ್ಚಿಟ್ಟುಕೊಂಡು ಹನ್ನೆರಡಕ್ಕೆ ಕುಕ್ಕರಿಗೆ ಹಾಕಿ.

ಮೂರು, ಮಾವಿನಹಣ್ಣು ಕೊಳ್ಳುವಾಗ ಎಚ್ಚರ. ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡುವುದನ್ನು ನಮ್ಮ ದೇಶದ ಆಹಾರ ಕಾನೂನು ನಿಷೇಧಿಸಿದೆ. ಆದರೂ ಅಲ್ಲಲ್ಲಿ ನಡೆಯುತ್ತದೆ. ಹೊರಗೆ ಒಂದೇ ಸಮ ಹಳದಿ, ಒಳಗೆ ಹುಳಿ ಮತ್ತು ಗಟ್ಟಿ ಇದ್ದರೆ ಅನುಮಾನಪಡಿ. ಬಲಿತ ಕಾಯಿ ತಂದು ಭತ್ತದ ಹುಲ್ಲಿನಲ್ಲಿಟ್ಟು ನೀವೇ ಹಣ್ಣು ಮಾಡಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ರಸಪುರಿಯಾದರೆ ಸೀಕರಣೆಗೆ, ಬಾದಾಮಿಯಾದರೆ ಹೋಳಿಗೆ.

ನಾಲ್ಕು, ಭೇದಿಯಾದ ಮಗುವಿಗೆ ಅಂಗಡಿಯ ಓಆರೆಸ್ ಪೊಟ್ಟಣ ಸಿಗುವ ತನಕ ಕಾಯಬೇಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಅಪಾಯ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಬಿಸಿಲಿನಲ್ಲಿ ಆಡಿ ಬಂದವರಿಗೆ ಮೈ ಸುಡುತ್ತಿದ್ದು, ಮಾತು ತಡವರಿಸಿದರೆ ಅದೂ ಆಸ್ಪತ್ರೆಯ ವಿಷಯವೇ. ನೆರಳಿಗೆ ತಂದು, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಲೇ ಹೊರಡಿ.

ಕೆಲಸ ಹಂಚಿದರೆ ಪ್ರೀತಿ ಹೆಚ್ಚು

"ನೆಂಟರಿಗೆ ಕೆಲಸ ಹೇಳುವುದೇ?" ಎಂದು ಹುಬ್ಬೇರಿಸುವ ಹಿರಿಯರಿದ್ದಾರೆ. ಒಂದು ಹೊತ್ತು ಬಂದು ಹೋಗುವವರಿಗೆ ಬೇಡ. ಎಂಟು ದಿನ, ಹದಿನೈದು ದಿನ ಇರುವವರು ನೆಂಟರಲ್ಲ, ಮನೆಯವರು. ಮನೆಯವರಿಗೆ ಕೆಲಸ ಹೇಳಬಹುದು. ಹತ್ತು ವರ್ಷ ದಾಟಿದ ಮಕ್ಕಳು, ಹುಡುಗ ಹುಡುಗಿ ಎನ್ನದೆ, ತಮ್ಮ ತಟ್ಟೆ ತಾವೇ ತೊಳೆಯಲಿ, ಹಾಸಿಗೆ ತಾವೇ ಮಡಿಸಲಿ. ನೀರು ತುಂಬುವುದು, ಎಲೆ ಹಾಕುವುದು, ಮಜ್ಜಿಗೆ ಕಡೆಯುವುದು ಅವರಿಗೆ ಆಟವೇ. ಗಂಡಸರು ಸಂತೆ, ತೆಂಗಿನಕಾಯಿ ಸುಲಿಯುವುದು, ಸಿಲಿಂಡರ್ ತರುವುದಕ್ಕೆ ನಿಲ್ಲದೆ, ಒಂದು ರಾತ್ರಿಯ ಊಟ ತಾವೇ ನೋಡಿಕೊಳ್ಳಲಿ. ಅನ್ನ, ತಿಳಿಸಾರು, ಸುಟ್ಟ ಹಪ್ಪಳ ಮಾಡಲು ಯಾವ ವಿದ್ಯೆ ಬೇಕು? ರುಚಿ ಸ್ವಲ್ಪ ಹೆಚ್ಚುಕಡಿಮೆಯಾದರೆ ನೀವು ಒಳಗೆ ಓಡಬೇಡಿ. ಎಲೆಯ ಮುಂದೆ ಕೂತು, "ಚೆನ್ನಾಗಿದೆ" ಎಂದು ಇನ್ನೊಂದು ಸೌಟು ಹಾಕಿಸಿಕೊಳ್ಳಿ.

ಇನ್ನೊಂದು ಪದ್ಧತಿಯನ್ನು ದಯವಿಟ್ಟು ಈ ಬೇಸಗೆಯಲ್ಲಿ ಬಿಟ್ಟುಬಿಡೋಣ. ಎಲ್ಲರ ಊಟವಾದ ಮೇಲೆ, ಮೂರು ಗಂಟೆಗೆ, ತಳ ಸೇರಿದ ಹುಳಿ ಗೋರಿಕೊಂಡು ಉಣ್ಣುವುದು. ಪದಾರ್ಥಗಳನ್ನೆಲ್ಲ ನಡುವೆ ಇಟ್ಟುಕೊಂಡು, ಮಾಡಿದವಳೂ ಸೇರಿ ಎಲ್ಲರೂ ಸುತ್ತ ಕೂತು ಬಡಿಸಿಕೊಂಡರೆ ಯಾವ ಉಪಚಾರಕ್ಕೂ ಕುಂದಿಲ್ಲ. ಅತ್ತೆಯವರು ಒಂದು ಸಲ, "ಬಾಮ್ಮ, ನೀನೂ ಕೂತ್ಕೋ" ಅಂದರೆ ಸಾಕು, ಮಿಕ್ಕವರು ತಾವಾಗಿ ಜರುಗಿ ಜಾಗ ಬಿಡುತ್ತಾರೆ.

ಕ್ಯಾಲೆಂಡರಿನ ಮಾತು ಮರೆಯಬೇಡಿ. ನಾದಿನಿ ಬರುವ ತಾರೀಖಿನ ಕೆಳಗೆ ನೀವು ಹೊರಡುವ ತಾರೀಖನ್ನೂ ಇವತ್ತೇ ಬರೆದಿಡಿ. ಪೆನ್ಸಿಲಿನಲ್ಲಿ ಬೇಡ, ಇಂಕಿನಲ್ಲಿ ಬರೆಯಿರಿ. ಹೋಗುವಾಗ ತವರಿಗೊಂದು ಡಬ್ಬಿ ಸಂಡಿಗೆ ಕಟ್ಟಿಕೊಳ್ಳಿ. ಅಲ್ಲಿಯೂ ಒಬ್ಬ ಅತ್ತಿಗೆ ನಿಮಗಾಗಿ ಒಲೆಯ ಮುಂದೆ ನಿಂತಿರುತ್ತಾಳೆ, ಅವಳನ್ನೂ ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.